ಹಿಂದಿನ ಸೀಟಿನ ಅಳತೆ

ಕಾಲಿಂಚು ಮಾಸ್ತರರಿಗೆ ಆ ಹೆಸರು ಯಾಕೆ ಬಂತೆಂದು ತಿಳಿಯಬೇಕಾದರೆ ಅವರ ಹೊಲಿಗೆ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಕೋಟು ಹೊಲಿಸಲು ಬಂದವರ ಭುಜದ ಮೇಲೆ ಟೇಪು ಎಳೆದು, ಕಣ್ಣು ಕಿರಿದು ಮಾಡಿ, "ಇಲ್ಲೊಂದು ಕಾಲಿಂಚು ಬಿಡ್ತೀನಿ" ಅನ್ನುತ್ತಾರೆ. ಬೆನ್ನಿಗೆ ಬಂದರೆ ಅಲ್ಲೂ ಕಾಲಿಂಚು, ಕಂಕುಳಿಗೆ ಬಂದರೆ ಅಲ್ಲೂ ಕಾಲಿಂಚು. ಆ ಕಾಲಿಂಚನ್ನು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಉಳಿದರ್ಧ ಕಳೆದದ್ದು ಅವರ ಕಾರಿನ ಕೆಳಗೆ.

ಅಂಗಡಿಯ ಕಟ್ಟಳೆ ಒಂದೇ. ಟ್ರಯಲ್ ಇಲ್ಲದೆ ಕೋಟು ಹೊರಗೆ ಹೋಗುವಂತಿಲ್ಲ. ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಡುವವನನ್ನೇ ಕರೆಸಿ, ನಿಲ್ಲಿಸಿ, ಕೂರಿಸಿ, ಕೈ ಎತ್ತಿಸಿ, ಕೊನೆಗೆ ಕುರ್ಚಿಯ ಕೆಳಗೆ ತಾವೇ ಬೀಳಿಸಿದ ಗುಂಡಿಯನ್ನು ಎತ್ತಿಕೊಡಲು ಹೇಳಿ ಬಗ್ಗಿಸಿಯೂ ನೋಡುತ್ತಾರೆ. ಒಮ್ಮೆ ಮದುಮಗನೊಬ್ಬ ತನಗೆ ಪುರುಸೊತ್ತಿಲ್ಲ, ಇಬ್ಬರದೂ ಒಂದೇ ಮೈಕಟ್ಟು ಎಂದು ತಮ್ಮನನ್ನು ಟ್ರಯಲ್‌ಗೆ ಕಳಿಸಿದ್ದ. ಮಾಸ್ತರರು ಆ ತಮ್ಮನಿಗೆ ಟೀ ಕುಡಿಸಿ, "ಮದುವೆಗೂ ನೀನೇ ನಿಂತ್ಕೋತೀಯೇನಪ್ಪ?" ಎಂದು ಕೇಳಿ ವಾಪಸ್ ಕಳಿಸಿದರು. ಮದುಮಗ ಮರುದಿನ ತಾನೇ ಓಡಿ ಬಂದ.

ಇಂಥ ಮನುಷ್ಯ ಸ್ವಂತ ಕಾರಿನ ವಿಷಯದಲ್ಲಿ ಹೇಗೆ ಮುಗ್ಗರಿಸಿದರು ಅನ್ನುವುದೇ ಈ ಕಥೆ. ನಗು ಬಂದರೆ ತಡೆದುಕೊಳ್ಳಬೇಕಾಗಿಲ್ಲ, ಅವರೂ ಈಗ ನಗುತ್ತಾರೆ.

ಕಾರು ಹಳೆಯದು. ಹಳೆಯದು ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಹಿರಿಯದು ಅನ್ನಬೇಕು. ಕೆನೆ ಬಣ್ಣದ ಮೈ, ದುಂಡು ದೀಪಗಳು, ಹೊಟ್ಟೆ ಉಬ್ಬಿದ ಮಡ್‌ಗಾರ್ಡುಗಳು, ಮುಚ್ಚಿದರೆ ಬೀರುವಿನ ಬಾಗಿಲಿನಂತೆ ಗಡದ್ದಾಗಿ ಸದ್ದು ಮಾಡುವ ನಾಲ್ಕು ಬಾಗಿಲುಗಳು. ಅಂಥ ಕಾರು ಇಟ್ಟುಕೊಂಡವರು ಸಾಮಾನ್ಯವಾಗಿ ಅದಕ್ಕೊಂದು ಹೊದಿಕೆ ಹೊದಿಸಿ ಮಲಗಿಸಿರುತ್ತಾರೆ, ರಜೆಯ ದಿನ ಒರೆಸಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಕಾರಲ್ಲ, ಬರೀ ಅಲಂಕಾರ. ಮಾಸ್ತರರ ಕಾರು ಹಾಗಲ್ಲ, ದಿನಾ ದುಡಿಯುತ್ತದೆ. ಬಟ್ಟೆಯ ಥಾನುಗಳು ಅದರಲ್ಲೇ ಬರುತ್ತವೆ, ಹೊಲಿದ ಕೋಟುಗಳು ಅದರಲ್ಲೇ ಹೋಗುತ್ತವೆ. ವಾರಕ್ಕೊಮ್ಮೆ ಗುಡ್ಡದ ಮೇಲಿನ ದೊಡ್ಡ ಹೋಟೆಲ್ಲಿಗೆ ಅಲ್ಲಿನ ಸಪ್ಲೈಯರುಗಳ ಕೋಟುಗಳನ್ನು ಇಸ್ತ್ರಿ ಮಾಡಿ ಮುಟ್ಟಿಸುವುದು ಅದರ ಮುಖ್ಯ ಉದ್ಯೋಗ.

ಆ ದಿನ ಹಿಂದಿನ ಸೀಟಿನ ಮೇಲೆ ಈ ಕಿಟಕಿಯಿಂದ ಆ ಕಿಟಕಿಗೆ ಒಂದು ಸರಳು ಕಟ್ಟಿ ಕೋಟುಗಳನ್ನು ನೇತುಹಾಕುತ್ತಾರೆ. ಕೋಟುಗಳ ಪಕ್ಕದಲ್ಲೇ ಅವರ ಹೆಂಡತಿ ಕೂರುತ್ತಾರೆ. ಬೀದಿಗೆಲ್ಲ ಅವರು ಮಾಸ್ತರಮ್ಮ. ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಗಂಡನ ತಪ್ಪು ಹುಡುಕುವುದು ಅವರ ಖಾತೆ. ಕಾರಿನಲ್ಲಿ ಅವರ ಕೆಲಸ ಎರಡೂ ಕೈ ಮೇಲೆತ್ತಿ ಹ್ಯಾಂಗರುಗಳನ್ನು ಹಿಡಿದುಕೊಳ್ಳುವುದು. ಹಿಡಿಯದಿದ್ದರೆ ಕೋಟುಗಳು ಒಂದಕ್ಕೊಂದು ಉಜ್ಜಿ, ಕಾಲರು ಮಡಿಚಿ, ಇಡೀ ದಿನದ ಇಸ್ತ್ರಿ ಮಣ್ಣುಪಾಲು. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು. ಕಾರಿಗೆ ಆಕೆ ಇಟ್ಟ ಹೆಸರು ಸವತಿ.

ಆದರೆ ಸವತಿಗೂ ವಯಸ್ಸಾಗುತ್ತದಲ್ಲ. ಸ್ಪ್ರಿಂಗುಗಳು ಕುಸಿದವು. ಕುಲುಕಾಟ ತಡೆಯಬೇಕಾದ ಶಾಕ್ ಅಬ್ಸಾರ್ಬರುಗಳ ಎಣ್ಣೆ ಸೋರಿ ಒಳಗೆ ಬರೀ ಗಾಳಿ ಉಳಿಯಿತು. ರಸ್ತೆಯ ಗುಂಡಿಯೊಂದನ್ನು ದಾಟಿದ ಮೇಲೂ ಕಾರು ಅದನ್ನು ಮರೆಯದೆ ಸುಮಾರು ದೂರ ತೂಗುತ್ತಲೇ ಹೋಗುತ್ತಿತ್ತು. ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲಿ, ಇನ್ನೇನು ಮಲಗಿತು ಅನ್ನುವಾಗ ಎದ್ದು ಮತ್ತೊಂದು ಮಗ್ಗುಲಿಗೆ ವಾಲುತ್ತಿತ್ತು. ಮಾಸ್ತರರಿಗೆ ಮುಂದೆ ಹಿಡಿದುಕೊಳ್ಳಲು ಸ್ಟಿಯರಿಂಗ್ ಇತ್ತು. ಹಿಂದೆ ಕೈ ಮೇಲೆತ್ತಿ ಕೂತವರಿಗೆ ಏನಿತ್ತು? ಹೊಟ್ಟೆ ತೊಳಸುವುದು ಶುರುವಾಯಿತು, ಆಮೇಲೆ ಸೊಂಟನೋವು.

ಒಂದು ವಾರ ಗುಡ್ಡದ ಬುಡದಲ್ಲಿ ಮಾಸ್ತರಮ್ಮ ಕಾರಿನಿಂದ ಇಳಿದು, ರಸ್ತೆ ಬದಿಯ ಮೋಟುಗೋಡೆಯ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ನೀವು ಹೋಗಿ. ನಾನು ಬಸ್ಸಲ್ಲಿ ಬರ್ತೀನಿ."

"ಕೋಟು?"

"ಅವೂ ನನ್ ಜೊತೆನೇ ಬರ್ತವೆ. ಅವಕ್ಕೂ ಪ್ರಾಣ ಇದೆ."

ಅವತ್ತಿನಿಂದ ಹೋಟೆಲ್ಲಿನ ದಿನ ಬಂತೆಂದರೆ ಬೀದಿಯವರಿಗೆ ಪುಕ್ಕಟೆ ಮನರಂಜನೆ. ಮುಂದೆ ಬಸ್ಸು, ಅದರ ಹಿಂದಿನ ಗಾಜಿನಲ್ಲಿ ತೋಳಿನ ತುಂಬ ಕೋಟು ಹೊತ್ತ ಮಾಸ್ತರಮ್ಮ. ಬಸ್ಸಿನ ಬೆನ್ನಿಗೆ ಕೆನೆ ಬಣ್ಣದ ಖಾಲಿ ಕಾರು, ಅದರಲ್ಲಿ ಮುಖ ಸಪ್ಪಗೆ ಮಾಡಿಕೊಂಡ ಮಾಸ್ತರರು. ಬೀದಿ ನಕ್ಕಿತು, ಆದರೆ ಮಾಸ್ತರರಿಗೆ ನಗು ಬರಲಿಲ್ಲ. ಅಂಗಡಿಯಲ್ಲಿ ಮಿಷನ್ ಸದ್ದು, ಗಿರಾಕಿಗಳ ಗಲಾಟೆ. ಮನೆಗೆ ಬಂದರೆ ಇಬ್ಬರಿಗೂ ಆಕಳಿಕೆ. ಗಂಡ ಹೆಂಡತಿ ಸಾವಕಾಶವಾಗಿ ಮಾತಾಡುತ್ತಿದ್ದದ್ದು ಆ ಗುಡ್ಡದ ದಾರಿಯಲ್ಲಿ ಮಾತ್ರ. ಯಾರ ಮಗಳಿಗೆ ಮದುವೆ ಗೊತ್ತಾಯಿತು, ಯಾವ ಗಿರಾಕಿಯ ಹೊಟ್ಟೆ ಎಷ್ಟು ಮುಂದೆ ಬಂತು, ಎಲ್ಲ ಅಲ್ಲೇ ಇತ್ಯರ್ಥವಾಗುತ್ತಿತ್ತು. ಈಗ ಆ ಮಾತು ನಿಂತುಹೋಗಿತ್ತು. ಮಾಸ್ತರರಿಗೆ ಹೆಂಡತಿ ಮತ್ತೆ ಕಾರು ಹತ್ತಬೇಕಾಗಿತ್ತು, ಅಷ್ಟೇ.

ಅವರು ಹೋದದ್ದು ಗುಡುಗಿನ ಗ್ಯಾರೇಜಿಗೆ. ಗುಡುಗು ಅವರ ಶಾಲೆಯ ಗೆಳೆಯ. ಅವನು ಗುಟ್ಟು ಹೇಳಿದರೂ ಎದುರು ಸಾಲಿನ ಅಂಗಡಿಯವರು ಅಭಿಪ್ರಾಯ ಕೊಡುತ್ತಾರೆ, ಅಂಥ ದನಿ. ಪ್ರಾಯದಲ್ಲಿ ಗುಡ್ಡದ ರಸ್ತೆಯಲ್ಲಿ ರೇಸು ಓಡಿಸಿದ್ದನಂತೆ. ಗೆದ್ದನೇ ಎಂದು ಕೇಳಿದರೆ ಮಾತು ಬದಲಾಯಿಸುತ್ತಾನೆ. ಅವನು ಕಾರನ್ನು ಗ್ಯಾರೇಜಿನ ನೆಲದ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು, ಟಾರ್ಚು ಬಿಟ್ಟು ನೋಡಿ ಮೇಲೆ ಬಂದ.

"ಎರಡು ದಾರಿ ಇದೆ ಕಣೋ," ಅಂದ. "ಒಂದು ಮುದುಕರ ದಾರಿ. ಸವೆದಿದ್ದೆಲ್ಲ ಬಿಚ್ಚಿ, ಮೊದಲು ಹೇಗಿತ್ತೋ ಹಾಗೇ ಹೊಸದು ಹಾಕೋದು. ಇನ್ನೊಂದು ಗಂಡಸರ ದಾರಿ. ಸ್ಪ್ರಿಂಗು ಗಿಡ್ಡ, ಗಟ್ಟಿ. ಶಾಕ್ ಅಬ್ಸಾರ್ಬರ್ ರೇಸಿಂದು. ಕೀಲುಗಳಲ್ಲಿರೋ ರಬ್ಬರ್ ಬುಷ್ ತೆಗೆದು ಕಲ್ಲಿನಂಥ ಬುಷ್ಷು. ಮುಂದಿನ ಎರಡು ಚಕ್ರದ ಮಧ್ಯೆ ದಪ್ಪನೆ ಸರಳು, ಗಾಡಿ ವಾಲೋ ಮಾತೇ ಇಲ್ಲ."

ವಾಲುವ ಮಾತೇ ಇಲ್ಲ ಅಂದದ್ದು ಮಾಸ್ತರರ ಕಿವಿಗೆ ಜೇನಾಯಿತು. ಹೆಂಡತಿಯ ಹೊಟ್ಟೆ ತೊಳಸಿದ್ದು ಯಾತರಿಂದ? ವಾಲಾಟದಿಂದ. ವಾಲಾಟ ನಿಂತರೆ ಹೆಂಡತಿ ಹತ್ತುತ್ತಾಳೆ. ಲೆಕ್ಕ ಎಷ್ಟು ಸಲೀಸಾಗಿತ್ತೆಂದರೆ ಅದರಲ್ಲಿ ತಪ್ಪಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಗಂಡಸರ ದಾರಿಯಲ್ಲೇ ಕೆಲಸ ಮುಗಿಯಿತು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತು, ಊರ ಹೊರಗಿನ ಹೊಸ ರಸ್ತೆ ಹಿಡಿದು ಗುಡ್ಡ ಹತ್ತಿಸಿದರು. ಅಬ್ಬಾ! ಸ್ಟಿಯರಿಂಗ್ ಮುಟ್ಟಿದರೆ ಸಾಕು, ಕಾರು ತಿರುಗುತ್ತಿತ್ತು. ಹಿಂದೆಲ್ಲ ಉಸಿರು ಹಿಡಿದು ದಾಟುತ್ತಿದ್ದ ತಿರುವುಗಳಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಹೋಯಿತು. ಗುಡುಗು ಪ್ರತಿ ತಿರುವಿಗೂ ಕೂಗಿದ. ಮಾಸ್ತರರಿಗೆ ಇಪ್ಪತ್ತು ವರ್ಷ ಕಡಿಮೆಯಾದಂತಾಗಿ, ಇಳಿಯುವಾಗ ಸಿಳ್ಳೆ ಹಾಕುತ್ತ ಬಂದರು. ಮನೆಗೆ ಬಂದವರೇ ಹೆಂಡತಿಗೆ ಎಲ್ಲವನ್ನೂ ವರ್ಣಿಸಿ, ಎರಡು ದಾರಿಗಳ ವಿಷಯವನ್ನೂ ಹೇಳಿ, "ನಾಳೆ ನೋಡು ನೀನು. ರಾಣಿ ಹಾಗೆ ಹೋಗ್ಬಹುದು" ಅಂದರು.

ರಾಣಿಯ ಸವಾರಿ ಮರುದಿನ ಹೊರಟಿತು. ಅಂಗಡಿಯಿಂದ ಗುಡ್ಡಕ್ಕೆ ಹೋಗಲು ಹೊಸ ರಸ್ತೆ ಸುತ್ತಾಗುತ್ತದೆ, ಕಲ್ಲು ಹಾಸಿದ ಹಳೇ ಬೀದಿಯಲ್ಲೇ ಹೋಗಬೇಕು. ಕಾರು ಆ ಬೀದಿಯ ಒಂದೊಂದು ಕಲ್ಲಿಗೂ ತಲೆ ಚಚ್ಚಿಕೊಂಡಿತು. ಹಿಂದೆ ಏನೋ ಟಣ್ ಅಂದಿತು. ಮತ್ತೊಂದು ಟಣ್. ಮಾಸ್ತರರು ಕನ್ನಡಿಯಲ್ಲಿ ನೋಡಿದರೆ ಹೆಂಡತಿ ಇಲ್ಲ, ಹಿಂದಿನ ಸೀಟಿನಲ್ಲಿ ಕೋಟುಗಳ ರಾಶಿಯೊಂದು ಕುಣಿಯುತ್ತಿತ್ತು. ಗಕ್ಕನೆ ಬ್ರೇಕು ಹಾಕಿದರು. ರಾಶಿಯೊಳಗಿಂದ ಒಂದು ಕೈ ಹೊರಬಂತು, ಆಮೇಲೆ ಕೆದರಿದ ಕೂದಲು, ಆಮೇಲೆ ಮಾಸ್ತರಮ್ಮನ ಮುಖ. ತಲೆ ಚಾವಣಿಗೆ ಬಡಿದು ಹಣೆ ಕೆಂಪಾಗಿತ್ತು.

ಬೈಗುಳ ಬರುತ್ತದೆಂದು ಮಾಸ್ತರರು ಕುತ್ತಿಗೆ ಒಳಗೆಳೆದುಕೊಂಡರು. ಬೈಗುಳ ಬರಲಿಲ್ಲ.

"ರೀ, ಈ ಕಾರನ್ನ ಯಾರ ಅಳತೆಗೆ ಮಾಡ್ಸಿದ್ರಿ?"

"ನಿಂದೇ ಕಣೇ. ನಿನಗೋಸ್ಕರಾನೇ."

"ಹೌದಾ? ಟ್ರಯಲ್‌ಗೆ ಯಾರನ್ನ ಕೂರಿಸಿದ್ರಿ?"

ಟ್ರಯಲ್‌ಗೆ ಕೂತವನು ಗುಡುಗು, ಅದೂ ಮುಂದಿನ ಸೀಟಿನಲ್ಲಿ, ಅದೂ ನುಣ್ಣನೆಯ ರಸ್ತೆಯಲ್ಲಿ. ಹಿಂದೆ ಒಂದು ಕರ್ಚೀಫು ಕೂಡ ಇರಲಿಲ್ಲ. ಮದುಮಗನ ತಮ್ಮನನ್ನು ವಾಪಸ್ ಕಳಿಸಿದ ಮನುಷ್ಯ, ಹೆಂಡತಿಗೆ ಹೊಲಿದ ಅಂಗಿಯನ್ನು ಗೆಳೆಯನಿಗೆ ತೊಡಿಸಿ ಚೆನ್ನಾಗಿದೆ ಅಂದುಕೊಂಡಿದ್ದರು.

"ನಾಳೆ ನಿಮ್ಮ ಸ್ನೇಹಿತನ್ನೂ ಕರ್ಕೊಂಡು ಬನ್ನಿ," ಅಂದರು ಮಾಸ್ತರಮ್ಮ. "ನೀವಿಬ್ರೂ ಹಿಂದೆ ಕೂತ್ಕೊಳಿ. ನಾನು ಓಡಿಸ್ತೀನಿ."

ಮಾಸ್ತರಮ್ಮನ ಅಪ್ಪ ಬೇಕರಿ ಇಟ್ಟಿದ್ದವರು. ಮದುವೆಗೆ ಮುಂಚೆ ಆ ಬೇಕರಿಯ ಬ್ರೆಡ್ ವ್ಯಾನನ್ನು ಊರೆಲ್ಲ ಓಡಿಸಿದ್ದು ಈಕೆಯೇ. ಗಂಡನ ಮನೆಗೆ ಬಂದ ಮೇಲೆ ಕೈಗೆ ಹ್ಯಾಂಗರು ಬಂತು, ಸ್ಟಿಯರಿಂಗ್ ಹೋಯಿತು. ಮರೆತಿರಲಿಲ್ಲ. ಮರುದಿನ ಸೀಟು ಮುಂದಕ್ಕೆಳೆದುಕೊಂಡು ಕೂತು, ಗೇರು ಹಾಕಿ, ಎಳ್ಳಷ್ಟೂ ಕುಲುಕದ ಹಾಗೆ ಕಾರು ಹೊರಡಿಸಿದರು. ಹಿಂದೆ ಇಬ್ಬರು ಗಂಡಸರು ಎರಡೂ ಕೈ ಮೇಲೆತ್ತಿ ಕೋಟು ಹಿಡಿದಿದ್ದರು. ನೋಡಿದವರು ಪೊಲೀಸರು ಹಿಡಿದುಕೊಂಡು ಹೋಗುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗಿತ್ತು.

ಕಲ್ಲಿನ ಬೀದಿ ಬಂತು. ಹಿಂದಿನ ಸೀಟಿನಲ್ಲಿ ಕೂತವನಿಗೆ ರಸ್ತೆ ಕಾಣುವುದಿಲ್ಲ ಅನ್ನುವುದು ಮಾಸ್ತರರಿಗೆ ಅವತ್ತೇ ಗೊತ್ತಾದದ್ದು. ಕಾಣುವುದು ಮುಂದಿನ ಸೀಟಿನ ಬೆನ್ನು, ಓಡಿಸುವವರ ಕತ್ತು. ಏಟು ಹೇಳದೆ ಕೇಳದೆ ಬರುತ್ತದೆ. ಬೆನ್ನುಮೂಳೆಯ ಬುಡದಲ್ಲಿ ಶುರುವಾಗಿ ಹಲ್ಲಿನವರೆಗೂ ಹೋಗುತ್ತದೆ. ಹ್ಯಾಂಗರಿನ ಕೊಕ್ಕೆಯೊಂದು ಗುಡುಗಿನ ಕಿವಿಗೆ ಸಿಕ್ಕಿಕೊಂಡಿತು.

"ಅತ್ತಿಗೆ, ಸ್ವಲ್ಪ ನಿಧಾನ," ಅಂದ ಗುಡುಗು. ಅಷ್ಟು ಸಣ್ಣ ದನಿ ಅವನ ಗಂಟಲಿನಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ನಿಧಾನವಾಗೇ ಹೋಗ್ತಿದೀನಿ ಅಣ್ಣ. ಗಂಡಸರ ದಾರಿ ಅಲ್ವಾ, ಸ್ವಲ್ಪ ಹೀಗೇ ಇರುತ್ತೆ."

ರೈಲ್ವೇ ಗೇಟಿನ ಹಳಿ ದಾಟುವಾಗ ಇಬ್ಬರೂ ಒಟ್ಟಿಗೇ ಸೀಟು ಬಿಟ್ಟು ಮೇಲಕ್ಕೆ ಹೋದರು, ಒಟ್ಟಿಗೇ ಕೆಳಗೆ ಬಂದರು. ಸರಳಿನಿಂದ ಬಿದ್ದ ಕೋಟುಗಳು ಮಾತ್ರ ಮತ್ತೆ ಮೇಲೆ ಹೋಗಲಿಲ್ಲ. ಮಾಸ್ತರರಿಗೆ ಸೊಂಟದ ನೋವಿಗಿಂತ ಹೆಚ್ಚಾಗಿ ಬೇರೇನೋ ಚುಚ್ಚಿತು. ಇವಳು ಇಲ್ಲಿ ಇಷ್ಟು ವರ್ಷ ಕೂತಿದ್ದಳು, ಒಂದು ದಿನವೂ ನಾನು ಇಲ್ಲಿ ಕೂರಲಿಲ್ಲವಲ್ಲ.

ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ಮಾಸ್ತರಮ್ಮ ತೀರ್ಪು ಕೊಟ್ಟರು. "ಮೊದಲು ತೂಗಾಟ ಇತ್ತು. ಈಗ ಏಟು ಇದೆ. ನಂಗೆ ಎರಡೂ ಬೇಡ. ಮುಂದಿನ ವಾರ ಹೋಟೆಲ್ಲಿಗೆ ಒಂದೇ ಒಂದು ಸಲ ಈ ಕಾರಲ್ಲಿ ಬರ್ತೀನಿ. ಆಗ್ಲೂ ಹೀಗೇ ಆದ್ರೆ ನೀವು, ನಿಮ್ಮ ಕಾರು ಸುಖವಾಗಿರಿ. ನಾನು ಬಸ್ ಪಾಸ್ ಮಾಡಿಸ್ಕೋತೀನಿ."

ಮಾಸ್ತರರಿಗೆ ಹೆಂಡತಿ ಸಿಟ್ಟಿನಲ್ಲಿ ಆಡುವ ಮಾತು ಯಾವುದು, ತಣ್ಣಗೆ ಆಡುವ ಮಾತು ಯಾವುದು ಎಂದು ಚೆನ್ನಾಗಿ ಗೊತ್ತು. ಇದು ತಣ್ಣಗಿನದು.

ಆ ವಾರವೆಲ್ಲ ಗ್ಯಾರೇಜಿನಲ್ಲಿ ನಡೆದದ್ದು ಕಾರಿನ ರಿಪೇರಿಯೋ ಕೋಟಿನ ಟ್ರಯಲ್ಲೋ ಎಂದು ಹೇಳುವುದು ಕಷ್ಟ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಮಾಸ್ತರರು ಹಟ ಹಿಡಿದರು. ಹಿಂದಿನ ಸೀಟಿನಲ್ಲಿ ಮಾಸ್ತರಮ್ಮ, ಅವರ ಪಕ್ಕದಲ್ಲಿ ಸರಳಿಗೆ ನೇತುಹಾಕಿದ ಅರ್ಧ ಹೊಲಿದ ಕೋಟು ಒಂದು, ಕಲ್ಲಿನ ಬೀದಿಯಲ್ಲಿ ಒಂದು ಸುತ್ತು. ಕೋಟಿನ ತೋಳು ಎಲ್ಲಿಯವರೆಗೆ ತೂಗಿತೋ ಅಲ್ಲಿಗೆ ಮಾಸ್ತರಮ್ಮ ಬಾಗಿಲಿನ ಒಳಮೈ ಮೇಲೆ ಹೊಲಿಗೆಯ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಮೊದಲ ದಿನ ಗುಡುಗು ಹೊಟ್ಟೆ ಹಿಡಿದು ನಕ್ಕ. ಎರಡನೇ ಗೆರೆ ಬಿದ್ದ ಮೇಲೆ ನಗು ಬಿಟ್ಟು ಬಗ್ಗಿ ನೋಡಿದ. ಮೂರನೆಯದಕ್ಕೆ ಸೀಮೆಸುಣ್ಣ ತಾನೇ ಕೇಳಿದ.

ಟಯರುಗಳಿಗೆ ರೇಸಿನ ಲೆಕ್ಕದಲ್ಲಿ ಬಿಗಿದಿದ್ದ ಗಾಳಿಯನ್ನು ಇಳಿಸಿದರು, ಗೆರೆ ಸ್ವಲ್ಪ ಹಿಂದೆ ಬಂತು. ಕಲ್ಲಿನಂಥ ಬುಷ್ಷುಗಳನ್ನು ತೆಗೆದು ಹೊಸ ರಬ್ಬರಿನವನ್ನು ಹಾಕಿದರು, ಹಲ್ಲು ಕಟಕಟ ಅನ್ನುವುದು ನಿಂತಿತು. ಗಿಡ್ಡ ಸ್ಪ್ರಿಂಗುಗಳು ಹೊರಗೆ ಬಂದು ಮುಂದಿನ ಚಕ್ರಗಳಿಗೆ ಮೊದಲಿನ ಎತ್ತರದ ಹೊಸ ಸ್ಪ್ರಿಂಗುಗಳು ಕೂತವು. ಹಿಂದಿನ ಚಕ್ರಗಳಿಗೆ ಹಳೆಯ ಕಮಾನು ಸ್ಪ್ರಿಂಗಿನ ಪಟ್ಟಿಗಳನ್ನೇ ಗ್ಯಾರೇಜಿನ ಹಿತ್ತಲಿನಿಂದ ಹುಡುಕಿ ತಂದು, ತುಕ್ಕು ಕೆರೆದು, ಸೋತ ಪಟ್ಟಿಯೊಂದನ್ನು ಬದಲಾಯಿಸಿ, ಒಂದರ ಮೇಲೊಂದು ಸಲೀಸಾಗಿ ಜಾರಲೆಂದು ನಡುವೆ ತೆಳುವಾದ ಹಾಳೆ ಇಟ್ಟರು. ರೇಸಿನ ಶಾಕ್ ಅಬ್ಸಾರ್ಬರುಗಳೂ ಹೋಗಿ, ತಿರುಪಿದಂತೆ ಮೆತ್ತಗೆ ಗಟ್ಟಿ ಆಗುವಂಥವು ಬಂದವು. ಮೊದಲು ಪೂರ್ತಿ ಮೆತ್ತಗೆ ತಿರುಪಿದರು. ಕಾರು ಹಳೇ ಚಾಳಿ ಎತ್ತಿ ಮತ್ತೆ ತೂಗಿತು.

"ಅಣ್ಣ, ಇಲ್ಲೊಂದು ಕಾಲಿಂಚು ಹಿಡೀರಿ," ಅಂದರು ಮಾಸ್ತರಮ್ಮ ಹಿಂದಿನಿಂದ.

ಗಿಡ್ಡ ಸ್ಪ್ರಿಂಗುಗಳನ್ನು ಬಿಚ್ಚುವಾಗ ಮಾಸ್ತರರು ಆ ಕಡೆ ಮುಖ ತಿರುಗಿಸಿಕೊಂಡಿದ್ದರು. ಗುಡ್ಡದ ತಿರುವಿನ ಆ ಮಜಾ ಇನ್ನಿಲ್ಲವಲ್ಲ. ಚಕ್ರಗಳ ನಡುವಿನ ದಪ್ಪ ಸರಳಿನ ಸರದಿ ಬಂದಾಗ ಅದನ್ನೂ ತೆಗೆದುಬಿಡು ಎಂದು ಗುಡುಗಿಗೆ ತಾವೇ ಹೇಳಿದರು. ತಡೆದವರು ಮಾಸ್ತರಮ್ಮ.

"ಅದು ಇದ್ರೆ ವಾಲಲ್ಲ ಅಂದ್ರಲ್ಲ, ನಿಜಾನೇ. ಪೂರ್ತಿ ಯಾಕೆ ತೆಗೀತೀರಿ? ತೆಳ್ಳಗಿಂದು ಹಾಕಿ. ನಿಮಗೂ ಸ್ವಲ್ಪ ಇರ್ಲಿ."

ತೆಳ್ಳಗಿನ ಸರಳು ಬಂತು. ಮಾಸ್ತರರು ತಮ್ಮ ಮುಖ ಗುಡುಗಿಗೆ ಕಾಣಬಾರದೆಂದು ಕಾರಿನ ಕೆಳಗೆ ಬಗ್ಗಿ ಇಲ್ಲದ ನಟ್ಟೊಂದನ್ನು ಹುಡುಕಿದರು.

ಹೋಟೆಲ್ಲಿನ ದಿನ ಬೆಳಿಗ್ಗೆ ಕೋಟುಗಳು ಸರಳಿಗೆ ಏರಿದವು. ಮಾಸ್ತರಮ್ಮ ಪಕ್ಕದಲ್ಲಿ ಕೂತು ಕೈ ಮೇಲೆತ್ತಿದರು. ಬಸ್ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಮಾಸ್ತರರು ಅದರ ಕಡೆ ನೋಡಲೇ ಇಲ್ಲ. ಕಲ್ಲಿನ ಬೀದಿ ಬಂತು. ಕಾರು ಕಲ್ಲುಗಳನ್ನು ಕೇಳಿಸಿಕೊಂಡಿತು, ಆದರೆ ಯಾವ ಕಲ್ಲಿನ ಮಾತನ್ನೂ ಒಳಗೆ ಬಿಡಲಿಲ್ಲ. ಹಳಿಯ ಮೇಲೆ ಒಮ್ಮೆ ಎದ್ದು, ಒಮ್ಮೆ ಇಳಿದು, ಅಲ್ಲಿಗೇ ಸುಮ್ಮನಾಯಿತು. ಗುಡ್ಡದ ಮೊದಲ ತಿರುವಿನಲ್ಲಿ ಸ್ವಲ್ಪ ವಾಲಿತು, ಮರ್ಯಾದೆಯ ಮಿತಿಯಲ್ಲಿ.

ಮಾಸ್ತರರು ಕನ್ನಡಿ ನೋಡಿದರು. ಕೋಟುಗಳ ನಡುವೆ ಹೆಂಡತಿಯ ಮುಖ ಸರಿಯಾಗಿ ಕಾಣಲಿಲ್ಲ. "ಹೇಗಿದೆ?" ಎಂದು ಕೇಳಲು ಧೈರ್ಯ ಬರಲಿಲ್ಲ. ಎರಡನೇ ತಿರುವು ಮುಗಿಯುತ್ತಿದ್ದಂತೆ ದನಿ ಬಂತು.

"ರೀ, ನಿಲ್ಸಿ."

ಅಷ್ಟೆಲ್ಲ ಮಾಡಿಯೂ ಸೋತೆವು ಅಂದುಕೊಂಡು ಮಾಸ್ತರರು ಕಾರನ್ನು ಬದಿಗೆ ಹಾಕಿದರು. ಹಿಂದಿನ ಬಾಗಿಲು ತೆರೆಯಿತು, ಗಡದ್ದಾಗಿ ಮುಚ್ಚಿತು. ಕೆಳಗಿನ ತಿರುವಿನಲ್ಲಿ ಬಸ್ಸು ಏರಿ ಬರುವ ಸದ್ದು ಕೇಳಿಸಿತು. ಅವರು ಸ್ಟಿಯರಿಂಗ್ ನೋಡುತ್ತ ಕೂತರು.

ಬಸ್ಸು ಬಂತು, ಹಾರನ್ ಮಾಡಿ ಮುಂದೆ ಹೋಯಿತು. ಅವರ ಪಕ್ಕದ ಬಾಗಿಲು ತೆರೆಯಿತು. ಹೊರಗೆ ನಿಂತಿದ್ದ ಮಾಸ್ತರಮ್ಮ ಒಳಗೆ ಬಗ್ಗಿ, ಮುಂದಿನ ಸೀಟಿನ ಮೇಲೆ ರಾಶಿ ಬಿದ್ದಿದ್ದ ಬಟ್ಟೆಯ ಮಾದರಿಗಳನ್ನೂ ಗುಂಡಿಯ ಡಬ್ಬಿಯನ್ನೂ ನೋಡಿದರು.

"ಇದನ್ನೆಲ್ಲ ಹಿಂದೆ ಹಾಕಿ. ಒಬ್ಬ ಮನುಷ್ಯ ಕೂರೋಕೆ ಜಾಗ ಬೇಡ್ವಾ?"

"ಕೋಟು? ಕೋಟು ಯಾರು ಹಿಡ್ಕೋತಾರೆ?"

"ಹಳಿ ದಾಟೋವಾಗಲೇ ಕೈ ಬಿಟ್ಟೆ ಕಣ್ರೀ. ನೋಡಿ, ಒಂದೂ ಅಲ್ಲಾಡಿಲ್ಲ. ಇನ್ಮೇಲೆ ಅವಕ್ಕೆ ನಾನು ಬೇಕಾಗಿಲ್ಲ."

ಮಾಸ್ತರರು ಹಿಂದೆ ತಿರುಗಿ ನೋಡಿದರು. ಕೋಟುಗಳು ಬೀರುವಿನಲ್ಲಿದ್ದಂತೆ ನೆಟ್ಟಗೆ ನಿಂತಿದ್ದವು. ಅವುಗಳ ಪಕ್ಕದಲ್ಲಿ, ವಾರವೆಲ್ಲ ಅಳೆದು, ಗೆರೆ ಎಳೆದು, ತಿರುಪು ತಿರುಪನ್ನೂ ಹೆಂಡತಿಗೆಂದೇ ಸರಿಮಾಡಿದ ಜಾಗ ಖಾಲಿಯಾಗಿತ್ತು. ಅವರು ಗಡಿಬಿಡಿಯಲ್ಲಿ ಮಾದರಿಗಳನ್ನು ಬಾಚಿ ಹಿಂದೆ ಎಸೆದರು. ಗುಂಡಿಯ ಡಬ್ಬಿ ಕೈತಪ್ಪಿ ಗುಂಡಿಗಳೆಲ್ಲ ಕಾರಿನ ತುಂಬ ಚೆಲ್ಲಿದವು. ಇಬ್ಬರೂ ಅವನ್ನು ಹೆಕ್ಕಲು ಹೋಗಲಿಲ್ಲ.

ಮಾಸ್ತರಮ್ಮ ಕೂತು, ಬಾಗಿಲು ಎಳೆದುಕೊಂಡು, ಕಾಲು ಚಾಚಿ, ಎದುರಿನ ಗಾಜಿನಲ್ಲಿ ತೆರೆದುಕೊಂಡ ಗುಡ್ಡದ ರಸ್ತೆಯನ್ನು ನೋಡಿದರು.

"ಓ, ಇಲ್ಲಿಂದ ಇದೆಲ್ಲ ಕಾಣುತ್ತಾ?" ಅಂದರು. "ಇಷ್ಟು ವರ್ಷ ಒಬ್ರೇ ನೋಡ್ತಿದ್ರಾ?"

ಮಾಸ್ತರರು ನಗುತ್ತ ಗೇರು ಹಾಕಿದರು. ಮುಂದಿನ ತಿರುವನ್ನು ಸ್ವಲ್ಪ ಜೋರಾಗಿ ತೆಗೆದುಕೊಂಡದ್ದಕ್ಕೆ ಪಕ್ಕದಿಂದ ಬೈಗುಳ ಶುರುವಾಯಿತು, ಹೋಟೆಲ್ಲು ಮುಟ್ಟುವವರೆಗೂ ನಿಲ್ಲಲಿಲ್ಲ.